ಹೆದ್ದಾರಿಯಲ್ಲಿ ಬೇರೆಯವರು ಯಾಕೆ ಹೀಗೆ ಓಡಿಸುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ದೂರದ ದಾರಿ ಓಡಿಸಿ ನನಗೊಂದು ಚಟ ಹತ್ತಿದೆ. ಯಾರ ಮೇಲಾದರೂ ಸಿಟ್ಟು ಬಂದರೆ ಬೈಯುವ ಮೊದಲು ಲೆಕ್ಕ ಹಾಕುತ್ತೇನೆ. ಅವನಿಂದ ನನಗೆ ಎಷ್ಟು ಸೆಕೆಂಡ್ ಹೋಯಿತು? ಅವನಿಗೆ ಎಷ್ಟು ಮೀಟರ್ ಜಾಗ ಬೇಕಿತ್ತು? ಲೆಕ್ಕ ಮುಗಿಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಉಳಿದ ಅರ್ಧಕ್ಕೆ ಸಾಮಾನ್ಯವಾಗಿ ಸರಿಯಾದ ಕಾರಣವೇ ಇರುತ್ತದೆ. ಗೆಳೆಯರು, ನೆಂಟರು, ಈಗಷ್ಟೇ ಗಾಡಿ ಕಲಿತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ನಾನು ಫಾಸ್ಟ್ ಲೇನ್‌ನಲ್ಲಿ ಮಿತಿಯ ವೇಗದಲ್ಲೇ ಹೋಗ್ತಿದ್ದೀನಿ. ಆದ್ರೂ ಹಿಂದಿನವನು ಲೈಟ್ ಹೊಡೀತಾನೆ. ನಾನ್ಯಾಕೆ ಪಕ್ಕಕ್ಕೆ ಸರೀಬೇಕು?

ಯಾಕೆಂದರೆ ಆ ಲೇನ್ ಇರುವುದು ಓವರ್‌ಟೇಕ್ ಮಾಡುವುದಕ್ಕೆ. ಅವನು ಮಿತಿ ಮೀರಿದರೆ ತಪ್ಪು ಅವನದು, ಹಿಡಿಯುವ ಕೆಲಸ ಪೊಲೀಸರದು. ಆ ಕೆಲಸವನ್ನು ನೀವು ಕೈಗೆತ್ತಿಕೊಂಡರೆ ಒಬ್ಬರ ಬದಲು ಇಬ್ಬರು ತಪ್ಪು ಮಾಡಿದ ಹಾಗೆ.

ಗೊಂದಲ ಹುಟ್ಟಿದ್ದೇ 'ಫಾಸ್ಟ್ ಲೇನ್' ಎಂಬ ಹೆಸರಿನಿಂದ. ಹಾಗೆ ಕರೆದ ಮೇಲೆ, ನಾನು ಫಾಸ್ಟ್ ಆಗಿ ಹೋಗ್ತಿದ್ದೀನಲ್ಲ, ಇಲ್ಲೇ ಇರ್ತೀನಿ ಅಂತ ಅನಿಸುವುದು ಸಹಜ. ನಿಯಮದ ಪುಸ್ತಕಗಳು ಹಾಗೆ ಹೇಳುವುದಿಲ್ಲ. ಎಡಕ್ಕೆ ಓಡಿಸುವ ಬ್ರಿಟನ್‌ನಲ್ಲಿ ಎಡಗಡೆಯ ಲೇನ್‌ನಲ್ಲಿ ಹೋಗಬೇಕು, ಓವರ್‌ಟೇಕ್ ಮಾಡಲು ಮಾತ್ರ ಬಲಕ್ಕೆ ಬರಬೇಕು. ಬಲಕ್ಕೆ ಓಡಿಸುವ ಜರ್ಮನಿಯಲ್ಲಿ ಇದೇ ನಿಯಮ ಉಲ್ಟಾ. ಖಾಲಿ ರಸ್ತೆಯಲ್ಲಿ ನಡುವಿನ ಲೇನ್ ಹಿಡಿದು ಕೂರುವವರಿಗೆ ಬ್ರಿಟನ್‌ನ ಪೊಲೀಸರು 2013ರಿಂದ ಕೋರ್ಟಿಗೆ ಎಳೆಯದೆ ನೇರವಾಗಿ ದಂಡ ಹಾಕಬಹುದು. ಅಂದರೆ ಇದು ಯಾವುದೋ ಒಂದು ಊರಿನವರ ಕೆಟ್ಟ ಚಾಳಿಯಲ್ಲ. ಹೆದ್ದಾರಿ ಇರುವ ಕಡೆಯಲ್ಲೆಲ್ಲ ಇದೆ.

ನಿಮ್ಮ ಕಡೆಯ ಮಾತನ್ನೂ ಹೇಳಬೇಕು. ನೀವು ಸಾಲಾಗಿ ನಾಲ್ಕು ಲಾರಿಗಳನ್ನು ದಾಟುತ್ತಿದ್ದೀರಿ ಅಂದುಕೊಳ್ಳಿ. ಹಿಂದಿನವನು ಲೈಟ್ ಹೊಡೆದ ಅಂತ ಎರಡು ಲಾರಿಗಳ ನಡುವಿನ ಕಿರಿದಾದ ಜಾಗಕ್ಕೆ ತೂರಿಕೊಳ್ಳಬೇಕಾಗಿಲ್ಲ. ದಾಟಿ ಮುಗಿಸಿ, ಆಮೇಲೆ ಸರಿಯಿರಿ. ಅವನು ಅರ್ಧ ನಿಮಿಷ ಕಾಯಲಿ.

ಮುಂದಿನವರು ಪಕ್ಕಕ್ಕೆ ಸರಿಯದಿದ್ದರೆ ಇನ್ನೊಂದು ಕಡೆಯಿಂದ ದಾಟಬಹುದಾ?

ಆಯಾ ದೇಶದ ಕಾನೂನು ನೋಡಬೇಕು. ಜರ್ಮನಿಯ ಹೆದ್ದಾರಿಗಳಲ್ಲಿ ಬಲಗಡೆಯಿಂದ ದಾಟುವಂತಿಲ್ಲ. ಗಾಡಿಗಳ ಸಾಲು ಆಮೆ ನಡಿಗೆಯಲ್ಲಿರುವಾಗ ಮಾತ್ರ ವಿನಾಯಿತಿ ಇದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹಲವು ಲೇನ್‌ಗಳ ರಸ್ತೆಯಲ್ಲಿ ಇದು ಕಾನೂನುಬದ್ಧ. ಒಂದು ಕಡೆ ಅಪರಾಧ, ಇನ್ನೊಂದು ಕಡೆ ದಿನನಿತ್ಯದ ಓಡಾಟ.

ಕಾನೂನು ಬಿಡಿ, ಆ ಚಾಲಕನ ಜಾಗದಲ್ಲಿ ಕೂತು ನೋಡಿ. ಅವನು ಗಾಡಿಗಳು ಬರುವ ನಿರೀಕ್ಷೆ ಇಲ್ಲದ ಕಡೆಯಿಂದ ನೀವು ಬರುತ್ತೀರಿ. ಕೊನೆಗೂ ಬುದ್ಧಿ ಬಂದು ಅವನು ಪಕ್ಕಕ್ಕೆ ಸರಿಯುವ ಕ್ಷಣಕ್ಕೆ ಸರಿಯಾಗಿ ನೀವು ಅಲ್ಲೇ ಇರುತ್ತೀರಿ. ನಾನು ಈ ಚಾಳಿ ಬಿಟ್ಟಿದ್ದು ಹೀಗೇ ಒಮ್ಮೆ ಬಾಗಿಲಿಗೆ ಬಾಗಿಲು ತಾಗುವಷ್ಟು ಹತ್ತಿರ ಬಂದ ಮೇಲೆ.

ಲೈಟ್ ಹೊಡೆಯುವುದರ ಅರ್ಥವಾದರೂ ಏನು?

ಒಂದೇ ಅರ್ಥವಿಲ್ಲ, ಜಗಳ ಹುಟ್ಟುವುದು ಅಲ್ಲೇ. ಬ್ರಿಟನ್‌ನ ನಿಯಮದ ಪ್ರಕಾರ ಅದು 'ನಾನು ಇಲ್ಲಿದ್ದೇನೆ' ಅಷ್ಟೇ. ಆದರೂ ಅಲ್ಲಿನವರೇ ಅದನ್ನು 'ಬನ್ನಿ, ಮೊದಲು ನೀವು ಹೋಗಿ' ಅಂತ ಬಳಸುತ್ತಾರೆ. ಎಷ್ಟೋ ಕಡೆ ಅದರ ಅರ್ಥ ತೀರಾ ತದ್ವಿರುದ್ಧ: 'ನಾನು ಬರ್ತಿದ್ದೀನಿ, ನಿಲ್ಲಿಸಲ್ಲ'. ಜರ್ಮನಿಯಲ್ಲಿ ಊರಿನ ಹೊರಗೆ ಓವರ್‌ಟೇಕ್ ಮಾಡುತ್ತೇನೆಂದು ತಿಳಿಸಲು ಚುಟುಕಾಗಿ ಲೈಟ್ ಹೊಡೆಯಬಹುದು. ಅದೇ ಲೈಟನ್ನು ಬಂಪರಿಗೆ ಅಂಟಿಕೊಂಡು ಬಿಡದೆ ಹೊಡೆದರೆ ಬೆದರಿಸಿದ ಕೇಸ್ ಆಗಬಹುದು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಝಾರ್ಡ್ ಲೈಟಿನ ಕಥೆಯೂ ಹೀಗೇ. ಜಪಾನಿನಲ್ಲಿ ದಾರಿ ಬಿಟ್ಟವರಿಗೆ ಅದನ್ನು ಎರಡು ಸಲ ಮಿನುಗಿಸಿ ಥ್ಯಾಂಕ್ಸ್ ಹೇಳುತ್ತಾರೆ. ಇನ್ನು ಕೆಲವರು ಮಳೆ ಬಂದ ಕೂಡಲೇ ಹಾಕಿಕೊಂಡು ಹೊರಡುತ್ತಾರೆ. ಹಾಗೆ ಮಾಡಿದರೆ ಬಹಳಷ್ಟು ಗಾಡಿಗಳಲ್ಲಿ ಇಂಡಿಕೇಟರ್ ಹಾಕಿದರೂ ಗೊತ್ತಾಗುವುದಿಲ್ಲ, ನಿಂತಿದ್ದೀರೋ ಹೋಗುತ್ತಿದ್ದೀರೋ ಅನ್ನುವುದೂ ತಿಳಿಯುವುದಿಲ್ಲ. ಮಳೆಯಲ್ಲಿ ಮಾಮೂಲಿ ಹೆಡ್‌ಲೈಟ್ ಹಾಕಿ, ಸಾಕು. ಮುಂದೆ ದಿಢೀರನೆ ಗಾಡಿಗಳು ನಿಂತಿದ್ದರೆ ಹಿಂದಿನವರನ್ನು ಎಚ್ಚರಿಸಲು ಹಝಾರ್ಡ್ ಹಾಕುವುದು ಮಾತ್ರ ಒಳ್ಳೆ ಅಭ್ಯಾಸ.

ಹಾಗಾಗಿ ಯಾರಾದರೂ ಲೈಟ್ ಹೊಡೆದರೆ ಅರ್ಥ ಊಹಿಸಬೇಡಿ. ಅವರ ಗಾಡಿಯ ವೇಗ ನೋಡಿ. ಕಡಿಮೆಯಾದರೆ ದಾರಿ ಬಿಡುತ್ತಿದ್ದಾರೆ. ಇಲ್ಲವಾದರೆ ಇಲ್ಲ.

ಹಿಂದಿನವನು ಬಂಪರಿಗೆ ಅಂಟಿಕೊಂಡು ಬರ್ತಿದ್ದಾನೆ. ಸುಮ್ನೆ ಒಂದು ಸಲ ಬ್ರೇಕ್ ತುಳಿದು ಪಾಠ ಕಲಿಸ್ಲಾ?

ಬೇಡ. ಪಾಠ ಕಲಿಯುವುದು ನಿಮ್ಮ ಡಿಕ್ಕಿ, ನಿಮ್ಮ ಕುತ್ತಿಗೆ.

ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಬರಲು ಚುರುಕಾದವರಿಗೂ ಒಂದು ಸೆಕೆಂಡಿನ ಹತ್ತಿರ ಬೇಕು. ಅವನು 10 ಮೀಟರ್ ಹಿಂದಿದ್ದು ನೀವು ಗಟ್ಟಿಯಾಗಿ ಬ್ರೇಕ್ ಹಾಕಿದರೆ, ಅವನ ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಆ ಜಾಗದ ದೊಡ್ಡ ಪಾಲು ಹೋಗಿರುತ್ತದೆ, ಉಳಿದದ್ದು ಸಾಕಾಗುವುದಿಲ್ಲ. ಅವನು ಎಷ್ಟೇ ಚೆನ್ನಾಗಿ ಓಡಿಸಲಿ, ಅವನ ಬ್ರೇಕ್ ಎಷ್ಟೇ ಹೊಸದಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ನಾನು ಮಾಡುವುದು ಇಷ್ಟೇ. ಮುಂದಿನ ಗಾಡಿಗೂ ನನಗೂ ನಡುವಿನ ಜಾಗವನ್ನು ನಿಧಾನಕ್ಕೆ ಜಾಸ್ತಿ ಮಾಡುತ್ತೇನೆ. ಹಿಂದೆ ಜಾಗ ಇಲ್ಲದಿದ್ದರೆ ಮುಂದಾದರೂ ಇರಲಿ, ಗಟ್ಟಿ ಬ್ರೇಕ್ ಹಾಕುವ ಪ್ರಸಂಗವೇ ಬಾರದಿರಲಿ ಅಂತ. ಮೊದಲ ಅವಕಾಶಕ್ಕೆ ಪಕ್ಕಕ್ಕೆ ಸರಿದು ಅವನನ್ನು ಸಾಗಹಾಕುತ್ತೇನೆ. ಅಂಥವನು ನನ್ನ ಮುಂದಿರುವುದು ವಾಸಿ, ಅಲ್ವಾ?

ಎಷ್ಟು ಜಾಗ ಬಿಡಬೇಕು?

ಎರಡು ಸೆಕೆಂಡ್. ಮುಂದಿನ ಗಾಡಿ ಒಂದು ಕಂಬವನ್ನೋ ಬೋರ್ಡನ್ನೋ ದಾಟಿದಾಗ ಎಣಿಸಲು ಶುರು ಮಾಡಿ. ಎರಡು ಎಣಿಸುವ ಮೊದಲೇ ನೀವೂ ಅಲ್ಲಿಗೆ ಬಂದರೆ ತೀರಾ ಹತ್ತಿರ ಇದ್ದೀರಿ. ಫ್ರಾನ್ಸಿನಲ್ಲಿ ಇದು ಬರೀ ಸಲಹೆಯಲ್ಲ, ಕಾನೂನು. ಜರ್ಮನ್ನರು 'ಸ್ಪೀಡೋಮೀಟರಿನ ಅರ್ಧ' ಅನ್ನುತ್ತಾರೆ: 100ರಲ್ಲಿ ಹೋಗುವಾಗ 50 ಮೀಟರ್. ಎರಡು ಸೆಕೆಂಡಿನ ಲೆಕ್ಕ 55 ಮೀಟರ್ ಬರುತ್ತದೆ. ದಾರಿ ಬೇರೆ, ತಲುಪಿದ ಜಾಗ ಹೆಚ್ಚುಕಡಿಮೆ ಒಂದೇ.

ಇದು ಕನಿಷ್ಠ ಅನ್ನುವುದು ನೆನಪಿರಲಿ. ಗಂಟೆಗೆ ಸುಮಾರು 112 ಕಿ.ಮೀ. ವೇಗದಲ್ಲಿರುವ ಕಾರು ಪೂರ್ತಿ ನಿಲ್ಲಲು 96 ಮೀಟರ್ ಬೇಕು ಅನ್ನುತ್ತದೆ ಬ್ರಿಟನ್‌ನ ಹೈವೇ ಕೋಡ್. 21 ಮೀಟರ್ ಯೋಚನೆಗೆ, 75 ಮೀಟರ್ ಬ್ರೇಕಿಗೆ. ಎರಡು ಸೆಕೆಂಡಿನ ಜಾಗ ಸಾಕಾಗುವುದು ಮುಂದಿನ ಗಾಡಿಯೂ ಬ್ರೇಕ್ ಹಾಕಿಯೇ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ. ಅದು ಯಾವುದಕ್ಕೋ ಗುದ್ದಿ ನಿಂತ ಜಾಗದಲ್ಲೇ ನಿಂತರೆ ಸಾಕಾಗುವುದಿಲ್ಲ. ರಸ್ತೆ ಒದ್ದೆಯಿದ್ದರೆ ಕನಿಷ್ಠ ನಾಲ್ಕು ಸೆಕೆಂಡ್ ಬಿಡಿ.

ಅಷ್ಟು ಜಾಗ ಬಿಟ್ರೆ ಬೇರೆಯವರು ಬಂದು ತುಂಬ್ತಾರಲ್ಲ!

ತುಂಬುತ್ತಾರೆ. ತುಂಬಲಿ. ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಯಾರೋ ಬೇಲಿ ಒತ್ತುವರಿ ಮಾಡಿದಷ್ಟು ನೋವಿರುತ್ತದೆ.

ಒಬ್ಬರು ನಿಮ್ಮ ಮುಂದೆ ಬಂದರು. ಮತ್ತೆ ಎರಡು ಸೆಕೆಂಡಿನ ಜಾಗ ಮಾಡಿಕೊಳ್ಳಲು ನೀವು ಒಂದಿಷ್ಟು ಹಿಂದೆ ಉಳಿಯುತ್ತೀರಿ. ನಷ್ಟ ಎಷ್ಟು? ಎರಡು ಸೆಕೆಂಡ್. ದಾರಿಯುದ್ದಕ್ಕೂ ಹೀಗೆ 30 ಜನ ನುಗ್ಗಿದರು ಅಂತಲೇ ಇಟ್ಟುಕೊಳ್ಳಿ. ಒಟ್ಟು ಒಂದು ನಿಮಿಷ. ಗಾಡಿ ನಿಲ್ಲಿಸಿದ ಮೇಲೆ ಮೊಬೈಲ್ ಎಲ್ಲಿಟ್ಟೆ ಅಂತ ಹುಡುಕುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಅದೂ ಅಲ್ಲದೆ, ನುಗ್ಗಿದವರಲ್ಲಿ ಅರ್ಧಕ್ಕರ್ಧ ಜನ ಸ್ವಲ್ಪ ದೂರದಲ್ಲಿ ಮತ್ತೆ ಬೇರೆ ಲೇನಿಗೆ ಹಾರಿರುತ್ತಾರೆ.

ಜೋರಾಗಿ ಹೋದರೆ ನಿಜಕ್ಕೂ ಎಷ್ಟು ಸಮಯ ಉಳಿಯುತ್ತದೆ?

50 ಕಿ.ಮೀ. ದಾರಿ ಅಂದುಕೊಳ್ಳಿ. 100ರ ವೇಗದಲ್ಲಿ 30 ನಿಮಿಷ. 120ರಲ್ಲಿ 25. 140ರಲ್ಲಿ ಇಪ್ಪತ್ತೊಂದೂವರೆಯ ಹತ್ತಿರ. ಮೊದಲ 20 ಕಿ.ಮೀ. ಹೆಚ್ಚಿಸಿದ್ದಕ್ಕೆ ಐದು ನಿಮಿಷ ಸಿಕ್ಕಿತು, ಮುಂದಿನ 20ಕ್ಕೆ ಮೂರೂವರೆ. ವೇಗ ಏರಿದಂತೆ ಲಾಭ ಸೊರಗುತ್ತದೆ. ಅದೂ ರಸ್ತೆ ಖಾಲಿ ಇದ್ದು, ಒಂದೇ ವೇಗದಲ್ಲಿ ಹೋಗಲು ಸಾಧ್ಯವಾದರೆ.

ಖರ್ಚಿನ ಕಡೆ ಇದರ ಉಲ್ಟಾ. ಓಡುವ ಗಾಡಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100ರಿಂದ 120ಕ್ಕೆ ಹೋದರೆ ವೇಗ ಜಾಸ್ತಿಯಾಗುವುದು ಶೇ. 20, ಶಕ್ತಿ ಶೇ. 44. ಇದನ್ನೇ ಇನ್ನೊಂದು ರೀತಿ ಹೇಳುತ್ತೇನೆ. ಒಂದೇ ಥರದ ಎರಡು ಕಾರು, ಒಂದು 100ರಲ್ಲಿ, ಇನ್ನೊಂದು 120ರಲ್ಲಿ. ಎರಡೂ ಒಂದೇ ಜಾಗದಲ್ಲಿ ಒಂದೇ ಬಲದಿಂದ ಬ್ರೇಕ್ ಹಾಕುತ್ತವೆ. ಮೊದಲನೆಯದು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 66 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ, ನಂಬಿಕೆ ಬರದೆ.

ಹಾಗಾದ್ರೆ ನಿಧಾನಕ್ಕೆ ಹೋಗೋರದ್ದು ಏನೂ ತಪ್ಪಿಲ್ವಾ?

ಇದೆ. ಅದರಲ್ಲೂ ಹೆದ್ದಾರಿಗೆ ಸೇರುವ ಜಾಗದಲ್ಲಿ. ಪಕ್ಕದ ದಾರಿಯಿಂದ ಬಂದು ಸೇರಲು ಒಂದು ಉದ್ದನೆಯ ಲೇನ್ ಕೊಟ್ಟಿರುವುದು ವೇಗ ಏರಿಸಿಕೊಳ್ಳಲಿ ಅಂತ. ಅದರ ಪೂರ್ತಿ ಉದ್ದವನ್ನೂ 40ರಲ್ಲೇ ಸವೆಸಿ, 100ರಲ್ಲಿ ಬರುವ ಸಾಲಿನೊಳಗೆ ಇಳಿಯುವವರು ಎಲ್ಲರ ಬ್ರೇಕನ್ನೂ ಪರೀಕ್ಷೆ ಮಾಡುತ್ತಾರೆ. ಕೊನೆಯಲ್ಲಿ ನಿಂತೇ ಬಿಡುವವರಂತೂ ತಮಗೇ ಕಷ್ಟ ತಂದುಕೊಳ್ಳುತ್ತಾರೆ, ನಿಂತಲ್ಲಿಂದ ಎದ್ದು 100 ಮುಟ್ಟಲು ಬೇಕಾದಷ್ಟು ದೊಡ್ಡ ಜಾಗ ಸುಲಭಕ್ಕೆ ಸಿಗುವುದಿಲ್ಲ. ಭಯದಿಂದ ಹೀಗೆ ಮಾಡುತ್ತಾರೆ, ಸೊಕ್ಕಿನಿಂದಲ್ಲ. ಹೊಸಬರಿಗೆ ನಾನು ಹೇಳುವುದು: ಮೊದಲು ಹೆದ್ದಾರಿಯ ವೇಗಕ್ಕೆ ಬನ್ನಿ, ಆಮೇಲೆ ಜಾಗ ಹುಡುಕಿ.

ಲೇನ್ ಮುಗಿಯುತ್ತೆ ಅಂತ ಬೋರ್ಡ್ ಇದ್ರೂ ಕೊನೆವರೆಗೂ ಬಂದು ನುಗ್ಗುವವರನ್ನು ಏನು ಮಾಡೋಣ?

ಒಳಗೆ ಬಿಟ್ಟುಕೊಳ್ಳಿ. ಬೇಸರ ಮಾಡಿಕೊಳ್ಳಬೇಡಿ, ಅವರು ಮಾಡುತ್ತಿರುವುದೇ ಸರಿ.

ನನಗೂ ಈ ಮಾತು ಬಹಳ ದಿನ ಗಂಟಲಲ್ಲಿ ಇಳಿದಿರಲಿಲ್ಲ. ಮರ್ಯಾದಸ್ಥನ ಹಾಗೆ ಒಂದು ಕಿ.ಮೀ. ಮೊದಲೇ ಸರಿದು ಸಾಲಿನಲ್ಲಿ ನಿಂತರೆ, ಪಕ್ಕದಿಂದ ಜುಂ ಅಂತ ಒಬ್ಬ ಹೋಗಿ ಮುಂದೆ ಸೇರಿಕೊಳ್ಳುತ್ತಾನೆ. ಮೈ ಉರಿಯುತ್ತದೆ. ಆದರೆ ಎಲ್ಲರೂ ಬೇಗ ಸರಿದರೆ ಒಂದು ಲೇನ್ ಸುಮ್ನೆ ಖಾಲಿ ಬೀಳುತ್ತದೆ, ಸಾಲಿನ ಉದ್ದ ಎರಡರಷ್ಟಾಗಿ ಹಿಂದಿನ ಜಂಕ್ಷನ್ನನ್ನೂ ನುಂಗುತ್ತದೆ. ಎರಡೂ ಲೇನ್ ತುಂಬಿಕೊಂಡು ಬಂದು, ಕೊನೆಯಲ್ಲಿ ಜಿಪ್ಪಿನ ಹಲ್ಲುಗಳ ಹಾಗೆ ಆ ಕಡೆಯದೊಂದು ಈ ಕಡೆಯದೊಂದು ಸೇರಿದರೆ ಸಾಲು ಚಿಕ್ಕದಾಗುತ್ತದೆ, ಯಾರಿಗೂ ಮೋಸವೂ ಆಗುವುದಿಲ್ಲ. ಜರ್ಮನಿಯಲ್ಲಿ ಇದು ಕಾನೂನಿನಲ್ಲೇ ಇದೆ, ಹೆಸರೂ ಜಿಪ್ಪಿನದೇ.

ಒಂದು ಷರತ್ತು. ಇದು ಗಾಡಿಗಳು ತೆವಳುತ್ತಿರುವಾಗಿನ ಮಾತು. ರಸ್ತೆ ಸಲೀಸಾಗಿ ಓಡುತ್ತಿದ್ದರೆ ಒಳ್ಳೆ ಜಾಗ ಸಿಕ್ಕ ಕೂಡಲೇ ಸೇರಿಬಿಡಿ. ಇನ್ನು, ಎರಡು ಲೇನಿನ ನಡುವೆ ಅಡ್ಡ ನಿಂತು ಯಾರನ್ನೂ ಮುಂದೆ ಬಿಡದ ಸ್ವಯಂಘೋಷಿತ ಮೇಷ್ಟ್ರುಗಳು ಇರುತ್ತಾರಲ್ಲ, ಅವರಿಂದ ಯಾರಿಗೂ ಒಂದು ಸೆಕೆಂಡೂ ಉಳಿಯುವುದಿಲ್ಲ.

ಅಪಘಾತ ಇಲ್ಲ, ರಿಪೇರಿ ಇಲ್ಲ, ಆದ್ರೂ ಟ್ರಾಫಿಕ್ ಜಾಮ್. ಮುಂದೆ ಹೋಗಿ ನೋಡಿದ್ರೆ ಏನೂ ಇಲ್ಲ. ಇದೇನು ಮಾಯೆ?

ನಮ್ಮದೇ ಮಾಯೆ. ಜಪಾನಿನ ಯೂಕಿ ಸುಗಿಯಾಮಾ ಮತ್ತು ಅವರ ಜೊತೆಗಾರರು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದ ದಾರಿ, ಅದರಲ್ಲಿ 22 ಕಾರು. ಎಲ್ಲರಿಗೂ ಸುಮಾರು 30 ಕಿ.ಮೀ. ವೇಗದಲ್ಲಿ ಹೋಗಲು ಹೇಳಿದರು. ಸಿಗ್ನಲ್ ಇಲ್ಲ, ತಿರುವು ಇಲ್ಲ, ಅಡ್ಡ ಬರುವವರಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿ ಸುತ್ತಿದರು. ಆಮೇಲೆ ಒಬ್ಬರು ಚೂರು ನಿಧಾನ ಮಾಡಿದರು, ಹಿಂದಿನವರು ಇನ್ನೂ ಚೂರು ಜಾಸ್ತಿ ಬ್ರೇಕ್ ಹಾಕಿದರು, ಅವರ ಹಿಂದಿನವರು ಮತ್ತಷ್ಟು. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತವು. ಆ ನಿಲುಗಡೆ ಒಂದು ಅಲೆಯಾಗಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹರಿಯಿತು.

ಹೆದ್ದಾರಿಯಲ್ಲೂ ನಡೆಯುವುದು ಇದೇ. ನೀವು ಜಾಮಿಗೆ ಬಂದು ಸೇರುವ ಹೊತ್ತಿಗೆ ಅದನ್ನು ಹುಟ್ಟಿಸಿದವನು ಎಲ್ಲೋ ದೂರದಲ್ಲಿ ಹಾಡು ಕೇಳಿಕೊಂಡು ಹೋಗುತ್ತಿರುತ್ತಾನೆ, ತಾನು ಏನು ಮಾಡಿದೆ ಅನ್ನುವುದೂ ಅವನಿಗೆ ಗೊತ್ತಿರುವುದಿಲ್ಲ. ಇಲ್ಲಿ ಮತ್ತೆ ಆ ಎರಡು ಸೆಕೆಂಡಿನ ಜಾಗ ಕೆಲಸಕ್ಕೆ ಬರುತ್ತದೆ. ಮುಂದೆ ಜಾಗ ಇದ್ದವರು ಬ್ರೇಕ್ ತುಳಿಯದೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಅಲೆ ಅವರಲ್ಲಿಗೆ ಬಂದು ಸಣ್ಣದಾಗುತ್ತದೆ.

ನಾನು ಯಾವ ಲೇನಿಗೆ ಹೋದ್ರೂ ಪಕ್ಕದ ಲೇನೇ ಬೇಗ ಹೋಗುತ್ತೆ. ನನ್ನ ಹಣೆಬರಹಾನಾ?

ಹಣೆಬರಹ ಅಲ್ಲ, ಕಣ್ಣಿನ ಲೆಕ್ಕದ ತಪ್ಪು. ರೆಡೆಲ್ಮಿಯರ್ ಮತ್ತು ತಿಬ್ಶಿರಾನಿ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಇದನ್ನು ವಿವರಿಸಿದರು. ನಿಮ್ಮ ಲೇನ್ ಓಡುವಾಗ, ಪಕ್ಕದಲ್ಲಿ ಒತ್ತೊತ್ತಾಗಿ ನಿಂತ ಹತ್ತು ಗಾಡಿಗಳನ್ನು ಕೆಲವೇ ಸೆಕೆಂಡಿನಲ್ಲಿ ದಾಟುತ್ತೀರಿ. ಅವರ ಲೇನ್ ಓಡುವಾಗ ಗಾಡಿಗಳ ನಡುವೆ ಜಾಗ ಜಾಸ್ತಿ, ಅದೇ ಹತ್ತು ಗಾಡಿಗಳು ನಿಮ್ಮನ್ನು ದಾಟಲು ಬಹಳ ಹೊತ್ತು ಹಿಡಿಯುತ್ತದೆ. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ಸೋಲುತ್ತಿರುವ ಹೊತ್ತೇ ಜಾಸ್ತಿ. ಮೇಲಾಗಿ ನೀವು ದಾಟಿದವರು ಬೆನ್ನ ಹಿಂದೆ ಮರೆಯಾಗುತ್ತಾರೆ, ನಿಮ್ಮನ್ನು ದಾಟಿದವರು ಕಣ್ಣ ಮುಂದೆಯೇ ಇರುತ್ತಾರೆ.

ಒಂದು ಲಾರಿ ಇನ್ನೊಂದು ಲಾರಿಯನ್ನು ದಾಟೋದಕ್ಕೆ ಯುಗ ತಗೊಳ್ಳುತ್ತಲ್ಲ, ಯಾಕೆ?

ಜರ್ಮನ್ನರು ಇದನ್ನು ಆನೆಗಳ ಓಟ ಎನ್ನುತ್ತಾರೆ. ಯುರೋಪಿನಲ್ಲಿ ದೊಡ್ಡ ಲಾರಿಗಳಿಗೆ ಗಂಟೆಗೆ 90 ಕಿ.ಮೀ. ಮೀರದಂತೆ ತಡೆ ಕೂರಿಸಿರುತ್ತಾರೆ. ಒಂದು 90ರಲ್ಲಿ, ಇನ್ನೊಂದು 88ರಲ್ಲಿ ಇದೆ ಅನ್ನಿ. ಎರಡರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ 130 ಮೀಟರ್ ಮುಂದಾಗಬೇಕು. 2 ಕಿ.ಮೀ. ವ್ಯತ್ಯಾಸದಲ್ಲಿ ಅದಕ್ಕೆ ಹೆಚ್ಚುಕಡಿಮೆ ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಆರು ಕಿ.ಮೀ. ದಾರಿ ಸಾಗಿರುತ್ತದೆ.

ಚಾಲಕನ ಸೀಟಿನಿಂದ ನೋಡಿದರೆ, ಇಡೀ ದಿನ ಆ 2 ಕಿ.ಮೀ. ಬಿಟ್ಟುಕೊಟ್ಟರೆ ಸರಕು ತಲುಪುವ ಹೊತ್ತು ತಪ್ಪುತ್ತದೆ. ಭಾರ ತುಂಬಿದ ಲಾರಿ ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಏರಿಸುವುದೂ ಸುಲಭವಲ್ಲ. ಆದರೂ ದಾಟಿಸಿಕೊಳ್ಳುವ ಲಾರಿಯವನು ಕಾಲನ್ನು ಒಂದಿಷ್ಟು ಸಡಿಲಿಸಿದರೆ ನಾಲ್ಕು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತದೆ. ನನ್ನ ಸಿಟ್ಟು ಅವನ ಮೇಲೆ. ಲೆಕ್ಕ ಹಾಕಿದ ಮೇಲೂ ಉಳಿದ ಸಿಟ್ಟು ಇದು.

ನಾನು ದಾಟಲು ಹೋದಾಗಲೇ ಪಕ್ಕದವನು ವೇಗ ಏರಿಸ್ತಾನೆ. ಬೇಕಂತಲೇ ಅಲ್ವಾ?

ಕೆಲವರು ಬೇಕಂತಲೇ. ಹೆಚ್ಚಿನವರು ಅಲ್ಲ. ಅವರ ಗಮನ ಎಲ್ಲೋ ಇರುತ್ತದೆ, ಪಕ್ಕದಲ್ಲಿ ಗಾಡಿ ಕಂಡು ಎಚ್ಚರಾಗಿ ಕಾಲು ತಾನಾಗಿ ಒತ್ತುತ್ತದೆ. ಗಾಡಿಯೇ ಒಂದೇ ವೇಗ ಕಾಯುವ ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಬಂದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಅವರ ವೇಗ ಬದಲಾಗಿರುವುದಿಲ್ಲ. ನೀವು ಕಾಲಿನಲ್ಲಿ ಓಡಿಸುತ್ತಿದ್ದರೆ ಮೊದಲು ನಿಮ್ಮ ಸ್ಪೀಡೋಮೀಟರ್ ನೋಡಿಕೊಳ್ಳಿ. ಇಳಿದಿರುವುದು ನಿಮ್ಮ ವೇಗವೇ ಇರಬಹುದು.

ಎದುರಿನವರ ಹೈ ಬೀಮ್ ಕಣ್ಣಿಗೆ ಚುಚ್ಚುತ್ತೆ. ನಾನೂ ಹಾಕಿ ತೋರಿಸ್ಲಾ?

ಆಗ ಕುರುಡರು ಇಬ್ಬರಾಗುತ್ತಾರೆ. ದೀಪವನ್ನು ನೋಡದೆ ನಿಮ್ಮ ಕಡೆಯ ರಸ್ತೆಯಂಚಿನ ಗೆರೆಯನ್ನು ಹಿಡಿದು ಹೋಗಿ, ವೇಗ ಇಳಿಸಿ.

ಒಂದು ರಾತ್ರಿ ಎದುರಿನಿಂದ ಬಂದವರೆಲ್ಲ ನನಗೆ ಲೈಟ್ ಹೊಡೆಯುತ್ತಿದ್ದರು. ನಾನು ಲೋ ಬೀಮಿನಲ್ಲೇ ಇದ್ದೆ. ಇವರಿಗೆಲ್ಲ ಏನಾಗಿದೆ ಅಂತ ಒಂದು ಗಂಟೆ ಬೈದುಕೊಂಡು ಓಡಿಸಿದೆ. ನಿಲ್ಲಿಸಿ ನೋಡಿದರೆ, ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಸಾಮಾನು, ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ನನ್ನ ಲೋ ಬೀಮ್ ನೇರವಾಗಿ ಅವರ ಕಣ್ಣಿಗೆ ಹೋಗುತ್ತಿತ್ತು. ಬಹಳ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0ಯಿಂದ ಶುರುವಾಗುವ ಸಣ್ಣ ಚಕ್ರವೊಂದಿರುತ್ತದೆ. ಸಂಖ್ಯೆ ಏರಿಸಿದಷ್ಟೂ ಬೆಳಕು ತಗ್ಗುತ್ತದೆ. ವರ್ಷಗಳಿಂದ ಅದು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಎಲ್ಲರೂ ಕೆಟ್ಟದಾಗಿ ಓಡಿಸ್ತಾರೆ, ನಾನು ಮಾತ್ರ ಚೆನ್ನಾಗಿ ಓಡಿಸ್ತೀನಿ ಅನ್ಸುತ್ತೆ. ಇದು ಸರೀನಾ?

ನಿಮಗೊಬ್ಬರಿಗೇ ಅಲ್ಲ. ಓಲಾ ಸ್ವೆನ್ಸನ್ ಎಂಬ ಮನಶ್ಶಾಸ್ತ್ರಜ್ಞ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಗುಂಪಿನ ಶೇ. 93 ಜನ ಚಾಲನೆಯಲ್ಲಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದರು. ಸ್ವೀಡನ್ನಿನ ಗುಂಪಿನಲ್ಲಿ ಶೇ. 69. ಸ್ವೀಡನ್ನಿನವರು ಸ್ವಲ್ಪ ನಾಚಿಕೆಯವರು ಅಂತ ಕಾಣುತ್ತದೆ, ಆದರೂ ಲೆಕ್ಕ ಕೂಡುವುದಿಲ್ಲ. ನಾನು ಇಂಡಿಕೇಟರ್ ಮರೆತರೆ ಮರೆವು, ಅವನು ಮರೆತರೆ ಸೊಕ್ಕು, ಅಲ್ವಾ?

ಮುಂದಿನ ಗಾಡಿ ಆ ಕಡೆ ಈ ಕಡೆ ವಾಲಾಡ್ತಿದೆ. ಹಾರ್ನ್ ಮಾಡಿ ದಾಟಿಬಿಡ್ಲಾ?

ಅವಸರ ಬೇಡ. ಫೋನ್ ನೋಡುತ್ತಿರಬಹುದು, ಕುಡಿದಿರಬಹುದು, ತೂಕಡಿಸುತ್ತಿರಬಹುದು. ಹಿಂದಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಪ್ರಯೋಗ ತೋರಿಸಿತು. 100ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 111 ಮೀಟರ್ ದಾರಿ ಯಾರೂ ನೋಡದೆ ಕಳೆದಿರುತ್ತದೆ. ಹಿಂದೆ ಉಳಿಯಿರಿ, ಜಾಗ ದೊಡ್ಡದು ಮಾಡಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಗಾಡಿ ಸಂಖ್ಯೆ ಬರೆದುಕೊಂಡು ಪೊಲೀಸರಿಗೆ ಫೋನ್ ಮಾಡಲಿ. ನೀವೇ ತೂಕಡಿಸುತ್ತಿದ್ದರೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಯಾವುದೂ ನಡೆಯುವುದಿಲ್ಲ. ಹೆದ್ದಾರಿ ಬಿಟ್ಟು, ನಿಲ್ಲಿಸಬಹುದಾದ ಜಾಗ ಹುಡುಕಿ, ಹದಿನೈದು ಇಪ್ಪತ್ತು ನಿಮಿಷ ಮಲಗಿ ಎದ್ದು ಹೊರಡಿ.